ಹೈದರಾಬಾದು ಗೇಣಿ ಶಾಸನ ಮತ್ತು ಯಾದಗಿರಿ ಸೀಮೆಯ ಉಳುವವರು

೧. ಪ್ರಾಸ್ತಾವಿಕ

ಶಾಸನವು ಸಮಾಜವನ್ನು ತಿದ್ದುವುದೋ ಅಥವಾ ಸಮಾಜವು ಬದಲಾದ ಮೇಲೆ ಶಾಸನವು ಅದನ್ನು ಹಿಂಬಾಲಿಸುವುದೋ ಎಂಬುದು ವಿದ್ವಾಂಸರಲ್ಲಿ ಬಹುಕಾಲದಿಂದ ಚರ್ಚಿತವಾಗಿರುವ ಪ್ರಶ್ನೆ. ಜರ್ಮನಿಯ ಸಾವಿನ್ಯಿ ಎಂಬ ನ್ಯಾಯಶಾಸ್ತ್ರಜ್ಞನು ೧೮೧೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನ್ಯಾಯವು ಒಂದು ಜನತೆಯ ಆಚಾರ ನಂಬಿಕೆಗಳೊಳಗಿಂದ ತಾನಾಗಿ ಬೆಳೆದು ಬರತಕ್ಕದ್ದೇ ಹೊರತು ಶಾಸನಕರ್ತನ ಇಚ್ಛೆಯಿಂದ ಒಮ್ಮೆಗೇ ಹುಟ್ಟತಕ್ಕದ್ದಲ್ಲವೆಂದು ವಾದಿಸಿದನು. ಇಂಗ್ಲೆಂಡಿನ ಬೆಂಥಮ್ ಇದಕ್ಕೆ ವಿರುದ್ಧವಾಗಿ, ಬುದ್ಧಿಪೂರ್ವಕವಾಗಿ ರಚಿಸಿದ ಶಾಸನದಿಂದ ಸಮಾಜವನ್ನು ಸುಧಾರಿಸಬಹುದೆಂದು ನಂಬಿದ್ದನು. ಡೈಸಿಯು ೧೯೦೫ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶಾಸನಗಳು ಲೋಕಾಭಿಪ್ರಾಯವನ್ನು ಹೇಗೆ ಅನುಸರಿಸಿದವೆಂಬುದನ್ನು ತೋರಿಸಿಕೊಟ್ಟನು.

ಈ ಮೂರು ವಾದಗಳೂ ಒಂದು ಜನತೆ, ಅದಕ್ಕೆ ಒಂದು ಶಾಸನ ಎಂಬ ಗ್ರಹಿಕೆಯ ಮೇಲೆ ನಿಂತಿವೆ. ಆದರೆ ಒಂದು ಪ್ರಾಂತದ ಕ್ಷೋಭೆಯಿಂದ ಹುಟ್ಟಿದ ಶಾಸನವು, ಒಂದೇ ಸರ್ಕಾರದ ಅಧೀನದಲ್ಲಿರುವ ಕಾರಣದಿಂದ, ಅಂಥ ಕ್ಷೋಭೆಯಿಲ್ಲದ ಇನ್ನೊಂದು ಪ್ರಾಂತಕ್ಕೂ ಅನ್ವಯವಾದಾಗ ಏನಾಗುತ್ತದೆ? ೧೯೫೦ರ ಹೈದರಾಬಾದು ಗೇಣಿ ಮತ್ತು ಕೃಷಿಭೂಮಿ ಶಾಸನದ ಚರಿತ್ರೆಯು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ. ತೆಲಂಗಾಣದ ರೈತರ ಹೋರಾಟದ ನೆರಳಿನಲ್ಲಿ ರಚಿತವಾದ ಈ ಶಾಸನವು ಗುಲ್ಬರ್ಗಾ, ರಾಯಚೂರು, ಬೀದರ ಎಂಬ ಮೂರು ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿತು. ಅಂದು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದು, ೨೦೦೯ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು, ಬಳಿಚಕ್ರದಂಥ ಒಂದು ಹೋಬಳಿಯ ಹೊಲಗಳಿಗೆ ಈ ಶಾಸನ ಯಾವ ದಾರಿಯಿಂದ ಬಂದಿತು, ಬರುವಾಗ ಏನನ್ನು ಕಳೆದುಕೊಂಡಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

೨. ಹಿಂದಿನ ವ್ಯವಸ್ಥೆ

ಭೀಮಾ ಮತ್ತು ಕೃಷ್ಣಾ ನದಿಗಳ ಆಶ್ರಯದಲ್ಲಿದ್ದರೂ ಈ ಸೀಮೆಯು ಬಹುಕಾಲ ಮಳೆಯನ್ನೇ ನಂಬಿದ ಸೀಮೆಯಾಗಿತ್ತು. ಜೋಳ, ತೊಗರಿ, ಹತ್ತಿ, ಶೇಂಗಾ ಇಲ್ಲಿನ ಮುಖ್ಯ ಬೆಳೆಗಳು. ಸುರಪುರವು ಬೇಡ ನಾಯಕರ ಸಂಸ್ಥಾನವಾಗಿದ್ದು, ರಾಜಾ ವೆಂಕಟಪ್ಪ ನಾಯಕನ ೧೮೫೮ರ ಬಂಡಾಯದ ನಂತರ ಬ್ರಿಟಿಷರ ವಶವಾಗಿ, ೧೮೬೦ರಲ್ಲಿ ನಿಜಾಮರಿಗೆ ಒಪ್ಪಿಸಲ್ಪಟ್ಟಿತು. ಅಲ್ಲಿಂದ ಮುಂದೆ ಈ ಸೀಮೆಯ ಭೂಚರಿತ್ರೆಯು ಹೈದರಾಬಾದು ಸಂಸ್ಥಾನದ ಕಂದಾಯ ಚರಿತ್ರೆಯೊಡನೆ ಬೆಸೆದುಕೊಂಡಿತು.

೧೮೫೩ರಿಂದ ೧೮೮೩ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಕಂದಾಯದ ಗುತ್ತಿಗೆ ಪದ್ಧತಿಯನ್ನು ಕೊನೆಗಾಣಿಸಿ, ೧೮೬೫ರಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದನು. ದಿವಾನಿ ಪ್ರದೇಶಗಳಲ್ಲಿ ಕ್ರಮೇಣ ರೈತವಾರಿ ಪದ್ಧತಿ ನೆಲೆಗೊಂಡಿತು. ಆದರೆ ಸಂಸ್ಥಾನದ ಐದರಲ್ಲಿ ಸುಮಾರು ಎರಡು ಪಾಲು ಪ್ರದೇಶವು ದಿವಾನಿಯ ಹೊರಗೆ, ಜಾಗೀರು, ಪೈಗಾ, ಸರ್ಫೆಖಾಸ್ ಮೊದಲಾದ ಹೆಸರುಗಳಲ್ಲಿ ಉಳಿಯಿತು. ಕನ್ನಡ ಭಾಗದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದುದು ಇದಕ್ಕೆ ಉದಾಹರಣೆ.

೧೩೧೭ ಫಸಲಿಯ, ಎಂದರೆ ೧೯೦೭ರ, ಹೈದರಾಬಾದು ಭೂಕಂದಾಯ ಶಾಸನವು ಸರ್ಕಾರಕ್ಕೆ ಕಂದಾಯ ಸಲ್ಲಿಸುವ ಪಟ್ಟೇದಾರನನ್ನು ಹೊಲದ ಹಕ್ಕುದಾರನೆಂದು ಗುರುತಿಸಿತು. ಪಟ್ಟೇದಾರನಿಂದ ಹೊಲ ಪಡೆದು ಸಾಗುವಳಿ ಮಾಡುವವನು ಶಿಕ್ಮಿದಾರನೆನಿಸಿದನು. ರೂಢಿಯಲ್ಲಿ ಈತನ ಸಂಬಂಧಕ್ಕೆ ಬೇರೆ ಬೇರೆ ಹೆಸರುಗಳಿದ್ದವು. ಕರಾವಳಿಯ 'ಗೇಣಿ' ಎಂಬ ಮಾತು ಇಲ್ಲಿ ಅಷ್ಟಾಗಿ ಬಳಕೆಯಲ್ಲಿರಲಿಲ್ಲ. ಬೆಳೆಯಲ್ಲಿ ಭಾಗ ಕೊಡುವುದಾದರೆ ಪಾಲು ಅಥವಾ ಕೋರು, ಗೊತ್ತಾದ ಹಣ ಕೊಡುವುದಾದರೆ ಲಾವಣಿ, ಅದರ ಕರಾರಿಗೆ ಕೌಲು ಎನ್ನುವುದು ವಾಡಿಕೆ. ಇವುಗಳಲ್ಲಿ ಬಹುಪಾಲು ಬಾಯಿಮಾತಿನಿಂದಲೇ ನಡೆಯುತ್ತಿದ್ದುವು. ಯುಗಾದಿಯ ಹೊತ್ತಿಗೆ ಮಾತಾಗಿ, ಸುಗ್ಗಿಯ ಕಣದಲ್ಲಿ ತೀರುವೆಯಾಗುವ ವ್ಯವಹಾರಕ್ಕೆ ಕಾಗದದ ಅವಶ್ಯಕತೆ ಯಾರಿಗೂ ಕಾಣುತ್ತಿರಲಿಲ್ಲ.

ಹಳ್ಳಿಯ ಲೆಕ್ಕಪತ್ರಗಳು ಪಟವಾರಿಯ ಕೈಯಲ್ಲಿದ್ದುವು. ಕಂದಾಯ ವಸೂಲಿಗೆ ಮಾಲಿ ಪಟೇಲ, ಶಾಂತಿರಕ್ಷಣೆಗೆ ಪೊಲೀಸ್ ಪಟೇಲ, ಅವರ ಕೈಕೆಳಗೆ ಸೇತಸಿಂಧಿ, ನೀರಡಿ ಮೊದಲಾದವರು ಇದ್ದರು. ಈ ಅಧಿಕಾರಗಳು ವತನಗಳಾಗಿದ್ದು, ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದುವು. ಮೇಲಿನ ಕಚೇರಿಗಳ ಭಾಷೆ ಉರ್ದು. ಹೀಗಾಗಿ ಹೊಲದಲ್ಲಿ ಯಾರು ದುಡಿಯುತ್ತಿದ್ದಾರೆಂಬುದು ಊರಿಗೆಲ್ಲ ತಿಳಿದಿದ್ದರೂ, ಸರ್ಕಾರಕ್ಕೆ ತಿಳಿಯುತ್ತಿದ್ದುದು ಪಟವಾರಿ ಬರೆದಷ್ಟು ಮಾತ್ರ. ಮುಂದಿನ ಚರಿತ್ರೆಯನ್ನು ಅರಿಯಲು ಈ ಒಂದು ಅಂಶವನ್ನು ನೆನಪಿನಲ್ಲಿಡುವುದು ಅತ್ಯವಶ್ಯ.

೩. ಶಾಸನದ ಹುಟ್ಟು

ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿಯೇ ಸುಧಾರಣೆಯ ಕೆಲವು ಪ್ರಯತ್ನಗಳು ನಡೆದಿದ್ದುವು. ಸಾಲಕ್ಕಾಗಿ ದುಡಿಯುವ ಭಾಗೇಲರ ಕರಾರುಗಳನ್ನು ನಿಯಂತ್ರಿಸುವ ನಿಬಂಧನೆ ೧೯೩೬ರಲ್ಲಿ ಬಂದಿತು. ೧೩೫೪ ಫಸಲಿಯಲ್ಲಿ, ಎಂದರೆ ೧೯೪೫ರ ಸುಮಾರಿಗೆ, ಆಸಾಮಿ ಶಿಕ್ಮಿದಾರರಿಗೆ ರಕ್ಷಣೆ ಕೊಡುವ ಶಾಸನವೊಂದು ರಚಿತವಾಯಿತು. ಇವು ಕಾಗದವನ್ನು ದಾಟಿ ಹೊಲವನ್ನು ಮುಟ್ಟಿದ್ದು ಬಹಳ ಕಡಮೆ. ಸಾಲಕ್ಕಾಗಿ ಜೀತದ ಪದ್ಧತಿಯನ್ನು ಭಾರತ ಸರ್ಕಾರವು ೧೯೭೫ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕವೂ ೧೯೭೬ರಲ್ಲಿ ಶಾಸನದ ಮೂಲಕವೂ ಮತ್ತೆ ರದ್ದುಗೊಳಿಸಬೇಕಾಗಿ ಬಂದುದು, ನಲವತ್ತು ವರ್ಷಗಳ ಹಿಂದಿನ ನಿಬಂಧನೆಯ ಫಲ ಎಷ್ಟೆಂಬುದನ್ನು ತಾನೇ ಹೇಳುತ್ತದೆ.

ಪರಿಸ್ಥಿತಿಯನ್ನು ಬದಲಿಸಿದ್ದು ತೆಲಂಗಾಣ. ಆಂಧ್ರ ಮಹಾಸಭೆ ಮತ್ತು ಕಮ್ಯುನಿಸ್ಟ್ ಪಕ್ಷದ ನಾಯಕತ್ವದಲ್ಲಿ ೧೯೪೬ರಲ್ಲಿ ನಲಗೊಂಡ, ವರಂಗಲ್ ಜಿಲ್ಲೆಗಳಲ್ಲಿ ಪ್ರಾರಂಭವಾದ ರೈತರ ಸಶಸ್ತ್ರ ಹೋರಾಟವು ೧೯೫೧ರವರೆಗೆ ನಡೆಯಿತು. ವೆಟ್ಟಿ ಚಾಕರಿಯ ವಿರುದ್ಧ, ದೇಶಮುಖರ ವಿರುದ್ಧ, ಒಕ್ಕಲೆಬ್ಬಿಸುವುದರ ವಿರುದ್ಧ ಎದ್ದ ಈ ಹೋರಾಟದಿಂದ ಭೂಮಿಯ ಪ್ರಶ್ನೆಯನ್ನು ಮುಂದೂಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲದಂತಾಯಿತು. ಕನ್ನಡ ಜಿಲ್ಲೆಗಳಲ್ಲಿಯೂ ೧೯೪೭-೪೮ರಲ್ಲಿ ತೀವ್ರವಾದ ಹೋರಾಟ ನಡೆಯಿತು. ಗಡಿಯಲ್ಲಿ ಶಿಬಿರಗಳು ಸ್ಥಾಪಿತವಾದುವು. ರಜಾಕಾರರ ಹಾವಳಿಗೆ ಹಳ್ಳಿಗಳು ತುತ್ತಾದುವು. ಆದರೆ ಇಲ್ಲಿಯ ಹೋರಾಟದ ಗುರಿ ಮುಖ್ಯವಾಗಿ ಭಾರತದೊಡನೆ ವಿಲೀನವಾಗುವುದಾಗಿತ್ತು. ಪಟ್ಟೇದಾರನೂ ಪಾಲುದಾರನೂ ಒಂದೇ ಪಕ್ಷದಲ್ಲಿದ್ದ ಹೋರಾಟವದು. ಇಬ್ಬರ ನಡುವಣ ಹೊಲದ ಪ್ರಶ್ನೆಯು ತೆಲಂಗಾಣದಲ್ಲಿ ಎದ್ದ ಪ್ರಮಾಣದಲ್ಲಿ ಇಲ್ಲಿ ಏಳಲಿಲ್ಲ.

೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸುಧಾರಣೆಗಳು ವೇಗದಿಂದ ಬಂದುವು. ೧೯೪೯ರಲ್ಲಿ ಸರ್ಫೆಖಾಸ್ ದಿವಾನಿಯಲ್ಲಿ ವಿಲೀನವಾಯಿತು. ಅದೇ ವರ್ಷದ ಆಗಸ್ಟ್ ೧೫ರಂದು ಜಾಗೀರು ರದ್ದಿಯಾತಿಯ ನಿಬಂಧನೆ ಹೊರಬಿದ್ದಿತು. ೧೯೫೦ರ ಜೂನ್ ೧೦ರಿಂದ ಗೇಣಿ ಮತ್ತು ಕೃಷಿಭೂಮಿ ಶಾಸನ ಜಾರಿಗೆ ಬಂದಿತು. ನಿಗದಿಯಾದ ಅವಧಿಯಲ್ಲಿ ಆರು ವರ್ಷಕ್ಕೆ ಕಡಮೆಯಿಲ್ಲದಂತೆ ಒಂದೇಸಮನೆ ಹೊಲ ಮಾಡಿದವರನ್ನು ಈ ಶಾಸನವು 'ಸಂರಕ್ಷಿತ ಗೇಣಿದಾರ'ರೆಂದು ಕರೆಯಿತು. ಅವರನ್ನು ಮನಬಂದಂತೆ ಬಿಡಿಸುವಂತಿರಲಿಲ್ಲ, ಗೇಣಿಗೆ ಮಿತಿಯಿತ್ತು, ಹೊಲವನ್ನು ಕೊಳ್ಳುವ ಹಕ್ಕೂ ಅವರಿಗಿತ್ತು. ೧೯೫೪ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ವರ್ಷಕ್ಕೆ ೮೦೦ ರೂಪಾಯಿ ನಿವ್ವಳ ಆದಾಯ ಕೊಡುವ ಹೊಲವನ್ನು ಒಂದು 'ಕುಟುಂಬ ಹಿಡುವಳಿ'ಯೆಂದು ಎಣಿಸಿ, ಅದರ ನಾಲ್ಕೂವರೆ ಪಟ್ಟನ್ನು ಭೂಮಿತಿಯಾಗಿ ಗೊತ್ತುಪಡಿಸಿತು. ಸ್ವತಂತ್ರ ಭಾರತದ ಅತಿ ಮುಂದುವರಿದ ಭೂಶಾಸನಗಳಲ್ಲಿ ಇದೊಂದೆಂದು ಅಂದಿನವರು ಎಣಿಸಿದ್ದು ಅಕಾರಣವಲ್ಲ.

೪. ಎರಡು ಶಾಸನಗಳ ಎರಡು ಗತಿ

ಜಾಗೀರು ರದ್ದಿಯಾತಿ ಮತ್ತು ಗೇಣಿ ಶಾಸನ, ಇವೆರಡೂ ಹತ್ತು ತಿಂಗಳೊಳಗೆ ಒಂದೇ ಆಡಳಿತದಿಂದ ಬಂದವು. ಆದರೆ ಇವುಗಳ ಗತಿ ಒಂದೇ ಆಗಲಿಲ್ಲ. ಜಾಗೀರುಗಳ ಆಡಳಿತವು ಸರ್ಕಾರದ ವಶಕ್ಕೆ ಶೀಘ್ರವಾಗಿ ಬಂದುಬಿಟ್ಟಿತು. ಇಲ್ಲಿ ಸರ್ಕಾರವೇ ಒಂದು ಪಕ್ಷವಾಗಿತ್ತು. ಜಾಗೀರುದಾರನಿಗೆ ಹೋಗುತ್ತಿದ್ದ ಕಂದಾಯ ಇನ್ನು ಮುಂದೆ ಖಜಾನೆಗೆ ಬರಬೇಕಿತ್ತು. ಅದನ್ನು ವಸೂಲು ಮಾಡಲು ಸರ್ಕಾರಕ್ಕೆ ಸ್ವಂತದ ಪ್ರಯೋಜನವೂ ಸ್ವಂತದ ನೌಕರರೂ ಇದ್ದರು. ಗೇಣಿ ಶಾಸನದಲ್ಲಾದರೋ ಎರಡು ಪಕ್ಷಗಳೂ ಒಂದೇ ಊರಿನವು. ಪಟ್ಟೇದಾರನ ಹೊಲವನ್ನು ಮಾಡುವವನು ಅವನಿಂದಲೇ ಬೀಜಕ್ಕೂ ಮದುವೆಗೂ ಸಾಲ ತಂದವನು. ಬೇಸಿಗೆಯಲ್ಲಿ ಅವನ ಮನೆಯ ಕಾಳನ್ನು ನೆಚ್ಚಿದವನು. ಸರ್ಕಾರವು ಈ ಇಬ್ಬರ ನಡುವೆ ಪಟವಾರಿಯ ಬರಹದ ಮೂಲಕವಲ್ಲದೆ ಪ್ರವೇಶಿಸಲಾರದಾಗಿತ್ತು.

ಈ ಶಾಸನದ ಪರಿಣಾಮವನ್ನು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪರವಾಗಿ ಎ. ಎಂ. ಖುಸ್ರೋ ಅವರು ಪರಿಶೀಲಿಸಿ, ತಮ್ಮ ಗ್ರಂಥವನ್ನು ೧೯೫೮ರಲ್ಲಿ ಪ್ರಕಟಿಸಿದರು. ೧೯೫೧ರಲ್ಲಿ ಸಂರಕ್ಷಿತ ಗೇಣಿದಾರರೆಂದು ದಾಖಲಾದವರಲ್ಲಿ ಸುಮಾರು ನಾಲ್ಕು ವರ್ಷಗಳ ಅನಂತರ ಆ ಸ್ಥಾನದಲ್ಲಿ ಉಳಿದಿದ್ದವರು ನೂರಕ್ಕೆ ಸುಮಾರು ೪೫ ಜನ ಮಾತ್ರ. ಸುಮಾರು ೧೨ ಜನ ಹೊಲವನ್ನು ಕೊಂಡು ಒಡೆಯರಾಗಿದ್ದರು. ಶಾಸನಬದ್ಧವಾಗಿ ಹೊರಹಾಕಲ್ಪಟ್ಟವರು ೨ರಿಂದ ೩ ಜನ. ಶಾಸನಕ್ಕೆ ವಿರುದ್ಧವಾಗಿ ಹೊರಹಾಕಲ್ಪಟ್ಟವರು ಸುಮಾರು ೨೨ ಜನ. 'ಸ್ವಇಚ್ಛೆಯಿಂದ' ಹೊಲವನ್ನು ಬಿಟ್ಟುಕೊಟ್ಟವರು ಸುಮಾರು ೧೮ ಜನ. ಈ ಅಂಕಿಗಳು ಇಡೀ ಹೈದರಾಬಾದು ರಾಜ್ಯಕ್ಕೆ ಸಂಬಂಧಿಸಿದವೆಂಬುದನ್ನೂ, ಯಾದಗಿರಿ ಸೀಮೆಗೆ ಮಾತ್ರ ಎಣಿಸಿದವಲ್ಲವೆಂಬುದನ್ನೂ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಆದರೂ ಶಾಸನದ ನಡೆಯನ್ನು ತಿಳಿಯಲು ಇವು ಸಾಕಾಗಿವೆ.

ಈ ಅಂಕಿಗಳಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಡೆತನ ಪಡೆದವರು ನೂರಕ್ಕೆ ೧೨ ಜನ ಎಂಬುದು ಅಲ್ಪವಲ್ಲ. ಹಿಂದೆ ಕೇವಲ ಶಿಕ್ಮಿದಾರರೆನಿಸಿದ್ದವರು ಶಾಸನದ ಬಲದಿಂದ ನಾಲ್ಕು ವರ್ಷಗಳಲ್ಲಿ ಪಟ್ಟೇದಾರರಾದರು. ಆದಕಾರಣ ಶಾಸನವು ನಿಷ್ಫಲವಾಯಿತೆನ್ನುವುದು ನ್ಯಾಯವಲ್ಲ. ಎರಡನೆಯದಾಗಿ, ಹೊಲ ಕಳೆದುಕೊಂಡವರಲ್ಲಿ ಶಾಸನದ ಮಾರ್ಗದಿಂದ ಕಳೆದುಕೊಂಡವರು ತೀರ ಕಡಮೆ. ಕಚೇರಿಯ ಮೆಟ್ಟಿಲನ್ನು ಹತ್ತದೆಯೇ ನೂರಕ್ಕೆ ೪೦ರಷ್ಟು ಜನ ತಮ್ಮ ಹಕ್ಕಿನಿಂದ ದೂರವಾದರು.

'ಸ್ವಇಚ್ಛೆ'ಯೆಂಬ ಮಾತನ್ನು ಇಲ್ಲಿ ಎಚ್ಚರದಿಂದ ಓದಬೇಕಾಗುತ್ತದೆ. ಶಾಸನದ ಪ್ರಕಾರ ಗೇಣಿದಾರನು ಹೊಲ ಬಿಡುವುದನ್ನು ಬರಹದಲ್ಲಿ ತಿಳಿಸಿ, ತಹಸೀಲ್ದಾರರ ಮುಂದೆ ಒಪ್ಪಿಕೊಳ್ಳಬೇಕಾಗಿತ್ತು. ರಕ್ಷಣೆಗೆಂದು ಇಟ್ಟ ಈ ಬಾಗಿಲೇ ಹೊರಹಾಕುವ ಬಾಗಿಲೂ ಆಯಿತು. ಸಾಲದ ಚೀಟಿ ಯಾರ ಪೆಟ್ಟಿಗೆಯಲ್ಲಿದೆಯೋ ಅವನೇ ಹೊಲದ ಒಡೆಯನೂ ಆಗಿದ್ದಾಗ, ಹೆಬ್ಬೆಟ್ಟಿನ ಗುರುತಿಗೆ ಇಚ್ಛೆಯೆಂಬ ಅರ್ಥವನ್ನು ಕೊಡುವುದು ಕಷ್ಟ. ಇದಲ್ಲದೆ, ಪಟ್ಟೇದಾರನು 'ಸ್ವಂತ ಸಾಗುವಳಿ'ಗಾಗಿ ಹೊಲವನ್ನು ಹಿಂದಕ್ಕೆ ಪಡೆಯಬಹುದೆಂಬ ಅವಕಾಶವಿತ್ತು. ಕೂಲಿಯಾಳುಗಳಿಂದ ಮಾಡಿಸಿ ತಾನು ಮೇಲ್ವಿಚಾರಣೆ ನಡೆಸಿದರೂ ಅದು ಸ್ವಂತ ಸಾಗುವಳಿಯೇ. ಹೀಗಾಗಿ ನಿನ್ನೆಯ ಪಾಲುದಾರನು ಅದೇ ಹೊಲದಲ್ಲಿ, ಅದೇ ಎತ್ತುಗಳ ಹಿಂದೆ, ಇಂದು ಸಂಬಳದಾಳಾಗಿ ನಿಂತರೆ ಶಾಸನಕ್ಕೆ ಯಾವ ಭಂಗವೂ ಬಂದಂತಾಗಲಿಲ್ಲ.

ಸಂರಕ್ಷಿತ ಗೇಣಿದಾರನಿಗೆ ಒಡೆತನವನ್ನು ತಾನಾಗಿಯೇ ವರ್ಗಾಯಿಸುವ ಕಲಮು ೧೯೫೪ರ ತಿದ್ದುಪಡಿಯಲ್ಲಿ ಸೇರಿತ್ತು. ಆದರೆ ಅದು ಸರ್ಕಾರದ ಪ್ರಕಟಣೆಯಿಂದ ಒಂದೊಂದು ಪ್ರದೇಶಕ್ಕೆ ಜಾರಿಯಾಗತಕ್ಕ ಕಲಮಾಗಿತ್ತು. ಮೊದಲು ಅದನ್ನು ಜಾರಿಗೆ ತಂದದ್ದು ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ. ಹೋರಾಟವೆಲ್ಲಿತ್ತೋ ಅಲ್ಲಿಗೆ ಶಾಸನದ ಪೂರ್ಣ ಬಲವು ಮೊದಲು ತಲುಪಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

೫. ಏಕೀಕರಣದ ನಂತರ

೧೯೫೬ರ ನವೆಂಬರ್ ೧ರಂದು ಗುಲ್ಬರ್ಗಾ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಮುಂಬಯಿ, ಮದರಾಸು, ಕೊಡಗು, ಹೈದರಾಬಾದು, ಹಳೆಯ ಮೈಸೂರು ಪ್ರಾಂತಗಳ ಗೇಣಿ ಶಾಸನಗಳು ಒಂದೇ ರಾಜ್ಯದಲ್ಲಿ ಅಕ್ಕಪಕ್ಕದಲ್ಲಿ ನಿಂತವು. ಇವನ್ನು ಒಂದುಗೂಡಿಸಲು ೧೯೫೭ರಲ್ಲಿ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಫಲವಾದ ೧೯೬೧ರ ಭೂಸುಧಾರಣಾ ಶಾಸನವು ೧೯೬೫ರ ಅಕ್ಟೋಬರ್ ೨ರಂದು ಜಾರಿಗೆ ಬಂದಿತು. ಇದರ ನಡುವೆ, ೧೯೬೩ರ ಫೆಬ್ರುವರಿ ೧ರಿಂದ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನ ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲ ಪಟವಾರಿಗಳ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗನು ಬಂದನು.

ಈ ತಾರೀಖುಗಳ ಅನುಕ್ರಮವನ್ನು ಪರಿಶೀಲಿಸಿದರೆ ನಮ್ಮ ವಿವೇಚನೆಯ ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಉಳುವವನಿಗೆ ಹಕ್ಕು ಬಂದುದು ೧೯೫೦ರಲ್ಲಿ. ಆ ಹಕ್ಕನ್ನು ಬರೆಯುವ ಕೈ ಬದಲಾದುದು ೧೯೬೩ರಲ್ಲಿ. ನಡುವಣ ಹದಿಮೂರು ವರ್ಷಗಳಲ್ಲಿ, ೧೯೫೪-೫೫ರ ಖಾಸ್ರಾ ಪಹಣಿಯೂ ಸೇರಿದಂತೆ, ಯಾರ ಹೊಲದಲ್ಲಿ ಯಾರ ಸಾಗುವಳಿಯೆಂಬುದನ್ನು ಬರೆದವರು ವತನದಾರರೇ. ಅವರು ಹಲವೆಡೆ ಸ್ವತಃ ಪಟ್ಟೇದಾರರು ಅಥವಾ ಪಟ್ಟೇದಾರರ ನೆಂಟರು. ಇದರಿಂದ ಎಲ್ಲ ಪಟವಾರಿಗಳೂ ಅಪ್ರಾಮಾಣಿಕರಾಗಿದ್ದರೆಂದು ನಾವು ಹೇಳುತ್ತಿಲ್ಲ. ಆದರೆ ಶಾಸನವು ಯಾವ ಸಂಬಂಧವನ್ನು ಬದಲಿಸಹೊರಟಿತೋ ಆ ಸಂಬಂಧದ ಒಂದು ಪಕ್ಷಕ್ಕೇ ದಾಖಲೆಯ ಪುಸ್ತಕವನ್ನು ಒಪ್ಪಿಸಿದಂತಾಗಿತ್ತು ಎಂಬುದು ನಿಸ್ಸಂದೇಹ.

ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಆ ದಿನಕ್ಕೆ ಮುಂಚೆ ಗೇಣಿದಾರರ ವಶದಲ್ಲಿದ್ದ ಹೊಲಗಳೆಲ್ಲ ಸರ್ಕಾರದಲ್ಲಿ ನಿಹಿತವಾದುವು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬಹುದಾಗಿತ್ತು. ಅಸಿಸ್ಟೆಂಟ್ ಕಮಿಷನರ ಅಧ್ಯಕ್ಷತೆಯ ಈ ಮಂಡಳಿಗಳಲ್ಲಿ ನಾಲ್ವರು ಅಧಿಕಾರಿಗಳಲ್ಲದ ಸದಸ್ಯರಿದ್ದು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ವರ್ಗಕ್ಕೆ ಸೇರಿದವರಿರಬೇಕಾಗಿತ್ತು. ಮೊದಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಅರ್ಜಿಯ ಕೊನೆಯ ದಿನವನ್ನು ಹಲವು ಸಲ ಮುಂದೂಡಿ ೧೯೭೯ರ ಜೂನ್ ೩೦ರವರೆಗೆ ಒಯ್ಯಲಾಯಿತು. ರಾಜ್ಯದಲ್ಲಿ ಒಟ್ಟು ಸುಮಾರು ೮ ಲಕ್ಷ ಅರ್ಜಿಗಳು ಬಂದು, ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಉಳುವವರ ಪರವಾಗಿ ತೀರ್ಮಾನವಾದುವು.

ಈ ಸುಧಾರಣೆಯ ಹೆಚ್ಚಿನ ಫಲವನ್ನು ಪಡೆದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ರೈತರು. ಅಲ್ಲಿ ಗೇಣಿದಾರರ ಸಂಖ್ಯೆಯೇ ಹೆಚ್ಚಾಗಿತ್ತೆಂಬುದು ಒಂದು ಕಾರಣ. ಅವರು ಸಂಘಟಿತರಾಗಿದ್ದರೆಂಬುದು ಎರಡನೆಯ ಕಾರಣ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿ ಅಳೆಯುವ ಕೊಳಗದ ಪ್ರಮಾಣದ ಪ್ರಶ್ನೆಯಿಂದ ಪ್ರಾರಂಭವಾದ ಸತ್ಯಾಗ್ರಹವು, ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರ ನಾಯಕತ್ವದಲ್ಲಿ ಬೆಳೆದು, ರಾಮಮನೋಹರ ಲೋಹಿಯಾ ಅವರನ್ನೂ ಅಲ್ಲಿಗೆ ಕರೆತಂದಿತು. ತಾನು ಗೇಣಿದಾರನೆಂದು ಎಲ್ಲರೆದುರು ಹೇಳಿಕೊಳ್ಳುವ ಧೈರ್ಯವನ್ನು ಈ ಹೋರಾಟಗಳು ಇಪ್ಪತ್ತು ವರ್ಷ ಮುಂಚೆಯೇ ಕಲಿಸಿದ್ದುವು. ೧೯೭೪ರ ಶಾಸನ ಬಂದಾಗ ಅರ್ಜಿ ಬರೆಯುವವರೂ ಸಾಕ್ಷಿ ಹೇಳುವವರೂ ಅಲ್ಲಿ ಸಿದ್ಧರಿದ್ದರು.

ಯಾದಗಿರಿ ಸೀಮೆಯಲ್ಲಿ ೧೯೭೪ರ ಶಾಸನವು ತನ್ನ ಫಲಾನುಭವಿಯನ್ನು ಹುಡುಕಿಕೊಂಡು ಬಂದಾಗ, ೧೯೫೦ರ ಫಲಾನುಭವಿಗಳಲ್ಲಿ ಹಲವರು ದಾಖಲೆಯಿಂದ ಮರೆಯಾಗಿದ್ದರೆಂದು ಊಹಿಸಲು ಮೇಲಿನ ಅಂಕಿಗಳೇ ಆಧಾರ. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು, ಹನ್ನೆರಡನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರು. ಮಂಡಳಿಯ ಮುಂದೆ ಹೋಗುವವನಿಗೆ ಈ ಹನ್ನೆರಡನೆಯ ಅಂಕಣವೇ ಪ್ರಬಲ ಸಾಕ್ಷ್ಯ. ಆ ಅಂಕಣದಲ್ಲಿ 'ಸ್ವಂತ' ಎಂಬ ಒಂದು ಶಬ್ದ ಇದ್ದರೆ, ಎರಡು ತಲೆಮಾರಿನ ದುಡಿಮೆಯನ್ನು ಬಾಯಿಮಾತಿನಿಂದಲೇ ಸ್ಥಾಪಿಸಬೇಕಾಗಿತ್ತು. ಊರಿನಲ್ಲಿ ಸಾಕ್ಷಿ ಹೇಳಬಲ್ಲವರು ಎಷ್ಟೋ ಜನರಿದ್ದರೂ, ಹೇಳಿ ಅದೇ ಊರಿನಲ್ಲಿ ಬಾಳಬೇಕಾದವರೂ ಅವರೇ.

ಪಶ್ಚಿಮ ಬಂಗಾಳದ ಅನುಭವವನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿ ಪಾಲುದಾರರಿಗೆ ಹಕ್ಕು ಕೊಡುವ ಶಾಸನಗಳು ಮುಂಚೆಯೇ ಇದ್ದರೂ, ೧೯೭೮ರಲ್ಲಿ ಪ್ರಾರಂಭವಾದ ಬರ್ಗಾ ಕಾರ್ಯಾಚರಣೆಯಲ್ಲಿ ಅಧಿಕಾರಿಗಳು ತಾವೇ ಹಳ್ಳಿಗಳಿಗೆ ಹೋಗಿ, ಪಾಲುದಾರರನ್ನು ಒಟ್ಟಾಗಿ ಕೂಡಿಸಿ, ಬಹಿರಂಗದಲ್ಲಿ ಅವರ ಹೆಸರುಗಳನ್ನು ದಾಖಲು ಮಾಡಿದ ಮೇಲೆಯೇ ಆ ಹಕ್ಕು ವ್ಯಾಪಕವಾಗಿ ಕೈಗೆ ಬಂದಿತು. ಹೊಸ ಹಕ್ಕನ್ನು ಸೃಷ್ಟಿಸುವುದಕ್ಕಿಂತ ಇದ್ದ ಹಕ್ಕನ್ನು ಬರೆಯುವ ಕ್ರಮವನ್ನು ಬದಲಿಸಿದ್ದೇ ಅಲ್ಲಿಯ ವಿಶೇಷ.

೬. ನೀರು ಬಂದ ಮೇಲೆ

ದಾಖಲೆಯಲ್ಲಿ ಹೆಸರಿಲ್ಲದಿರುವುದರ ಬೆಲೆ ಎಷ್ಟೆಂಬುದು ಈ ಸೀಮೆಯಲ್ಲಿ ಕಾಲುವೆಯ ನೀರು ಬಂದ ಮೇಲೆ ಸ್ಪಷ್ಟವಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಬಚಾವತ್ ನ್ಯಾಯಾಧಿಕರಣವು ೧೯೭೩ರಲ್ಲಿ ತೀರ್ಪನ್ನು ಕೊಟ್ಟು, ೧೯೭೬ರಲ್ಲಿ ಅದು ಅಂತಿಮವಾಯಿತು. ೧೯೮೦ರ ದಶಕದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯತೊಡಗಿತು. ಜೋಳ ಬೆಳೆಯುತ್ತಿದ್ದ ಕಪ್ಪುನೆಲ ಬತ್ತದ ಗದ್ದೆಯಾಯಿತು. ಹೊಲದ ಬೆಲೆ ಏರಿತು. ಆಂಧ್ರದಿಂದ ಬಂದ ರೈತರು ಲಾವಣಿಗೆ ಹೊಲ ಹಿಡಿದು, ಕೊಂಡು, ಕ್ಯಾಂಪುಗಳನ್ನು ಕಟ್ಟಿಕೊಂಡರು. ಭೂಸುಧಾರಣೆಯ ಅರ್ಜಿಗಳ ಕಾಲ ಮುಗಿದ ಕೆಲವೇ ವರ್ಷಗಳಲ್ಲಿ ಈ ಬದಲಾವಣೆ ನಡೆಯಿತು. ಯಾರ ಹೆಸರು ಪಹಣಿಯಲ್ಲಿತ್ತೋ ಅವರಿಗೆ ನೀರಿನ ಲಾಭ ದೊರೆಯಿತು. ಇಪ್ಪತ್ತೈದು ವರ್ಷಗಳ ಹಿಂದೆ ಒಣ ಹೊಲವೊಂದನ್ನು 'ಸ್ವಇಚ್ಛೆಯಿಂದ' ಬಿಟ್ಟುಕೊಟ್ಟವನು ಏನನ್ನು ಬಿಟ್ಟುಕೊಟ್ಟನೆಂಬುದು ಆಗ ತಿಳಿಯಿತು.

೧೯೭೪ರ ತಿದ್ದುಪಡಿಯು ಇನ್ನೊಂದು ಕಾರ್ಯವನ್ನೂ ಮಾಡಿತು. ಸೈನಿಕರು, ನಾವಿಕರು ಮೊದಲಾದ ಕೆಲವರನ್ನು ಬಿಟ್ಟರೆ ಉಳಿದವರು ಹೊಲವನ್ನು ಗೇಣಿಗೆ ಕೊಡುವುದನ್ನೇ ಅದು ನಿಷೇಧಿಸಿತು. ಗೇಣಿ ಪದ್ಧತಿಯ ಬೇರನ್ನೇ ಕೀಳುವುದು ಇದರ ಉದ್ದೇಶ. ಆದರೆ ಪಾಲೂ ಲಾವಣಿಯೂ ನಿಲ್ಲಲಿಲ್ಲ. ಒಡೆಯನು ಪಟ್ಟಣ ಸೇರುವುದು, ಎತ್ತುಗಳಿಲ್ಲದಿರುವುದು, ಮನೆಯ ಗಂಡಸರು ದುಡಿಮೆಗೆ ಬೆಂಗಳೂರು, ಮುಂಬಯಿಗಳಿಗೆ ವಲಸೆ ಹೋಗುವುದು, ಇವು ಇರುವವರೆಗೆ ಒಬ್ಬರ ಹೊಲವನ್ನು ಇನ್ನೊಬ್ಬರು ಮಾಡುವುದೂ ಇದ್ದೇ ಇರುತ್ತದೆ. ನಿಷೇಧದಿಂದ ಆದ ಬದಲಾವಣೆಯೆಂದರೆ, ಅಷ್ಟಿಷ್ಟು ದಾಖಲೆಯಲ್ಲಿ ಕಾಣುತ್ತಿದ್ದುದೂ ಕಾಣದಂತಾದುದು. ಲಾವಣಿಗೆ ಹೊಲ ಮಾಡುವ ಇಂದಿನ ರೈತನಿಗೆ ತನ್ನ ಹೆಸರಿನಲ್ಲಿ ಬೆಳೆಸಾಲ ದೊರೆಯುವುದು ದುರ್ಲಭ. ಬೆಳೆ ನಷ್ಟವಾದಾಗ ಪರಿಹಾರ ಸಾಮಾನ್ಯವಾಗಿ ಪಹಣಿಯಲ್ಲಿರುವ ಹೆಸರಿಗೇ ಹೋಗುತ್ತದೆ. ಒಡೆಯನಾದರೋ ಹನ್ನೆರಡನೆಯ ಅಂಕಣದಲ್ಲಿ ಇನ್ನೊಬ್ಬರ ಹೆಸರು ಬಂದರೆ ಹೊಲವೇ ಹೋದೀತೆಂದು ೧೯೭೪ನ್ನು 'ನೆನೆದು' ಹೆದರುತ್ತಾನೆ. ಆ ಭಯದಿಂದ ಎರಡು ವರ್ಷಕ್ಕೊಮ್ಮೆ ಹೊಲ ಮಾಡುವವನನ್ನು ಬದಲಿಸುವುದೂ ಉಂಟು.

ಈ ಬಗೆಯ ಅನುಭವಗಳಿಂದಲೇ ಗೇಣಿಯನ್ನು ಬಹಿರಂಗಗೊಳಿಸಿ, ಒಡೆತನಕ್ಕೆ ಭಂಗ ಬಾರದಂತೆ ಸಾಗುವಳಿದಾರನನ್ನು ಗುರುತಿಸಬೇಕೆಂಬ ವಿಚಾರ ಮುಂದೆ ಬಂದಿತು. ನೀತಿ ಆಯೋಗವು ನೇಮಿಸಿದ ಟಿ. ಹಕ್ ಅವರ ಸಮಿತಿಯು ೨೦೧೬ರಲ್ಲಿ ಇದಕ್ಕಾಗಿ ಮಾದರಿ ಶಾಸನವೊಂದನ್ನು ಸಿದ್ಧಪಡಿಸಿತು. ಕರ್ನಾಟಕದಲ್ಲಿ ೨೦೨೦ರ ತಿದ್ದುಪಡಿಯು ಬೇರೊಂದು ದಿಕ್ಕನ್ನು ಹಿಡಿದು, ಕೃಷಿಕರಲ್ಲದವರು ಹೊಲ ಕೊಳ್ಳುವುದನ್ನು ತಡೆದಿದ್ದ ೭೯ಎ, ೭೯ಬಿ ಕಲಮುಗಳನ್ನು ತೆಗೆದುಹಾಕಿತು. ಕೊಳ್ಳುವವನ ದಾರಿ ಇದರಿಂದ ಅಗಲವಾಯಿತು. ಮಾಡುವವನ ಹೆಸರನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಸರ್ಕಾರ ಮತ್ತು ಮಧ್ಯವರ್ತಿಯ ನಡುವಣ ಸಂಬಂಧವನ್ನು ಶಾಸನವು ಶೀಘ್ರವಾಗಿ ಬದಲಿಸಬಲ್ಲದು. ಒಂದೇ ಊರಿನ ಇಬ್ಬರ ನಡುವಣ ಸಂಬಂಧವನ್ನು ಅಷ್ಟು ಸುಲಭವಾಗಿ ಬದಲಿಸಲಾರದು. ಎರಡನೆಯದಾಗಿ, ಶಾಸನಕ್ಕೆ ಕಾರಣವಾದ ಹೋರಾಟ ಎಲ್ಲಿ ನಡೆಯಿತೋ ಅಲ್ಲಿ ಜನರು ತಮ್ಮ ಹಕ್ಕಿನ ಹೆಸರನ್ನು ಮೊದಲೇ ತಿಳಿದಿರುತ್ತಾರೆ. ಹೋರಾಟವಿಲ್ಲದೆಡೆಗೆ ಶಾಸನ ಬಂದಾಗ ಆ ಹೆಸರನ್ನು ಅವರಿಗೆ ತಿಳಿಸುವ ಕೆಲಸ ಆಡಳಿತದ ಮೇಲೆ ಬೀಳುತ್ತದೆ. ಮೂರನೆಯದಾಗಿ, ಹಕ್ಕನ್ನು ಕೊಡುವ ಶಾಸನಕ್ಕೆ ಮುಂಚೆ, ಕನಿಷ್ಠಪಕ್ಷ ಅದರೊಡನೆಯೇ, ಹಕ್ಕನ್ನು ಬರೆಯುವ ವ್ಯವಸ್ಥೆ ಬದಲಾಗತಕ್ಕದ್ದು. ಯಾದಗಿರಿ ಸೀಮೆಯಲ್ಲಿ ಈ ಅನುಕ್ರಮ ತಲೆಕೆಳಗಾಯಿತು. ಸಾವಿನ್ಯಿಯ ಪಕ್ಷದವರು ಇದನ್ನು ಕಂಡು ಶಾಸನಕ್ಕೆ ಬಲವಿಲ್ಲವೆನ್ನಬಹುದು. ನೂರರಲ್ಲಿ ಹನ್ನೆರಡು ಜನ ನಾಲ್ಕೇ ವರ್ಷಗಳಲ್ಲಿ ಒಡೆಯರಾದುದನ್ನು ನೆನೆದರೆ ಆ ತೀರ್ಮಾನ ಸರಿಯೆನಿಸದು. ಬಲವಿತ್ತು, ಅದು ಹೊಲವನ್ನು ತಲುಪುವ ದಾರಿಯನ್ನು ಸಿದ್ಧಪಡಿಸಿರಲಿಲ್ಲ.

ಕರ್ನಾಟಕದ ಪಹಣಿಗಳು ಈ ಶತಮಾನದ ಪ್ರಾರಂಭದಿಂದ 'ಭೂಮಿ' ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿವೆ. ಬರಹ ಸ್ಪಷ್ಟವಾಯಿತು, ಪ್ರತಿ ಪಡೆಯುವುದು ಸುಲಭವಾಯಿತು. ಆದರೆ ಯಂತ್ರವು ತನಗೆ ಕೊಟ್ಟದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಿಂದಿನ ಕೈಬರಹದ ಪುಸ್ತಕದಲ್ಲಿ ಬಿಟ್ಟುಹೋದ ಹೆಸರು ಅಲ್ಲಿಯೂ ಇಲ್ಲ. ಆದಕಾರಣ ಹಳೆಯ ಖಾಸ್ರಾ ಪಹಣಿಗಳನ್ನೂ, ಸಂರಕ್ಷಿತ ಗೇಣಿದಾರರ ಪಟ್ಟಿಗಳನ್ನೂ, ಭೂನ್ಯಾಯಮಂಡಳಿಗಳ ಕಡತಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓದುವ ಕೆಲಸವು ಇತಿಹಾಸದ ವಿದ್ಯಾರ್ಥಿಗಳನ್ನು ಕಾದಿದೆ. ಬಳಿಚಕ್ರದಂಥ ಒಂದೇ ಹೋಬಳಿಯನ್ನು ಆರಿಸಿಕೊಂಡು, ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ೧೯೫೧, ೧೯೫೫, ೧೯೭೪ರ ಹೆಸರುಗಳನ್ನು ಹೋಲಿಸಿ, ಆ ಹೊಲಗಳಲ್ಲಿ ದುಡಿದ ಕುಟುಂಬಗಳ ಹಿರಿಯರನ್ನು ವಿಚಾರಿಸಿದರೆ, ಇಡೀ ರಾಜ್ಯದ ಅಂಕಿಗಳು ಹೇಳಲಾರದ ಸಂಗತಿಗಳು ದೊರೆಯುವುವು. ೧೯೫೦ರಲ್ಲಿ ಹೊಲ ಮಾಡುತ್ತಿದ್ದವರಲ್ಲಿ ಇಂದು ಉಳಿದಿರುವವರು ವಿರಳ. ಅವರ ಮಕ್ಕಳ ನೆನಪಿನಲ್ಲಿರುವುದನ್ನಾದರೂ ತಡಮಾಡದೆ ಬರೆದಿಟ್ಟುಕೊಳ್ಳುವುದು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಅಸಾಧ್ಯವಾದ ಕಾರ್ಯವಲ್ಲ.